ಲೌಂಜಿನ ತಿಂಡಿಯಲ್ಲೇ ರಾತ್ರಿ ಊಟ ಮುಗಿಸಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಹೋಟೆಲ್ ಎಂದರೆ ಮೊದಲು ಕಣ್ಣ ಮುಂದೆ ಬರುವುದು ಮಸಾಲೆ ದೋಸೆಯ ತಟ್ಟೆ. ಮಲಗುವ ಜಾಗಕ್ಕೆ ಲಾಡ್ಜ್ ಅನ್ನುವುದು ರೂಢಿ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಹೋಟೆಲ್ ಎಂದರೆ ಉಳಿದುಕೊಳ್ಳುವ ದೊಡ್ಡ ಹೋಟೆಲ್. ಲೌಂಜ್ ಎಂದರೆ ಅದರ ಮೇಲಿನ ಮಹಡಿಯಲ್ಲೆಲ್ಲೋ ಇರುವ, ಎಲ್ಲರಿಗೂ ಬಾಗಿಲು ತೆರೆಯದ ಕೋಣೆ. ಕ್ಲಬ್ ಲೌಂಜ್, ಎಕ್ಸಿಕ್ಯುಟಿವ್ ಲೌಂಜ್ ಎಂದೆಲ್ಲ ಹೆಸರು. ಚರ್ಚ್ ಸ್ಟ್ರೀಟಿನ ಪಬ್ಬುಗಳ ಬೋರ್ಡಿನ ಮೇಲೆ ಕಾಣುವ ಲೌಂಜ್ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೆಲಸದ ಮೇಲೆ ಊರೂರು ಸುತ್ತುತ್ತಾ ಇಂಥ ಕೋಣೆಗಳಲ್ಲಿ ಬೇಕಾದಷ್ಟು ಸಂಜೆ ಕಳೆದಿದ್ದೇನೆ. ದಾವಣಗೆರೆಯಿಂದ, ಮಂಗಳೂರಿನಿಂದ ಮೀಟಿಂಗಿಗೆ, ಮದುವೆಗೆ ಬೆಂಗಳೂರಿಗೆ ಬರುವ ನೆಂಟರು, ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದೇ ಮಾತಲ್ಲಿ ಹೇಳಿ. ಲೌಂಜಿನಲ್ಲಿ ತಿಂದರೆ ರಾತ್ರಿ ಊಟ ಆಯಿತಾ?

ಹೊಟ್ಟೆ ತುಂಬುತ್ತದೆ. ಊಟ ಆಯಿತು ಅನ್ನಿಸುವುದು ಮಾತ್ರ ಆ ದಿನ ಹೇಗಿತ್ತು ಎನ್ನುವುದರ ಮೇಲೆ. ಸುಸ್ತಾಗಿದ್ದರೆ, ಮಳೆ ಬರುತ್ತಿದ್ದರೆ, ಬೆಳಗ್ಗೆ ಐದಕ್ಕೆ ಎದ್ದು ವಿಮಾನ ಹಿಡಿಯಬೇಕಿದ್ದರೆ ಧಾರಾಳವಾಗಿ ಆಗುತ್ತದೆ. ಬೆಂಗಳೂರಿನ ಮಟ್ಟಿಗೆ ನನ್ನದೊಂದು ಖಚಿತ ಅಭಿಪ್ರಾಯವಿದೆ: ಸಂಜೆ ಲೌಂಜಿನಲ್ಲಿ ತಿಂದರೆ ಅಂಥಾ ನಷ್ಟವೇನಿಲ್ಲ, ಬೆಳಗಿನ ತಿಂಡಿಯನ್ನು ಲೌಂಜಿನಲ್ಲಿ ತಿಂದರೆ ನಷ್ಟ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಲ್ಲಿ ಏನೇನು ಇಟ್ಟಿರುತ್ತಾರೆ?

ಒಂದೊಂದು ಹೋಟೆಲಿನಲ್ಲಿ ಒಂದೊಂದು ಥರ. ಆದರೂ ಒಂದು ಮಾಮೂಲಿ ಪಟ್ಟಿ ಇದೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಎರಡರಿಂದ ನಾಲ್ಕು ಬಿಸಿ ಪದಾರ್ಥ: ಪನೀರ್ ಟಿಕ್ಕಾ ಇಲ್ಲವೇ ಹರಾಭರಾ ಕಬಾಬ್, ಚಿಕನ್ ಟಿಕ್ಕಾ, ಬೆರಳುದ್ದದ ಸ್ಪ್ರಿಂಗ್ ರೋಲ್, ಅದೃಷ್ಟವಿದ್ದರೆ ಮೀನು. ತಣ್ಣಗಿನ ಕಡೆ ಚೀಸ್, ಬಿಸ್ಕತ್ತು, ಹಮ್ಮಸ್, ಸೌತೆಕಾಯಿ ಮತ್ತು ಕ್ಯಾರೆಟ್ ಹೋಳು, ಒಂದೆರಡು ಸಲಾಡ್. ಹಣ್ಣಿಗೆ ಪಪ್ಪಾಯಿ, ಕಲ್ಲಂಗಡಿ, ಅನಾನಸ್. ಎಲ್ಲ ಊರಿನ ಲೌಂಜಿಗೂ ಒಂದೇ ತೋಟದಿಂದ ಹಣ್ಣು ಬರುತ್ತದೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಕೊನೆಗೆ ಎರಡೇ ತುತ್ತಿಗೆ ಮುಗಿಯುವ ಪೇಸ್ಟ್ರಿ, ಗುಲಾಬ್ ಜಾಮೂನು.

ಕೆಲವು ಕಡೆ ಇದರ ಜೊತೆಗೆ ಒಂದು ಬಿರಿಯಾನಿ ಅಥವಾ ಪುಲಾವ್, ಒಂದು ದಾಲ್, ಒಂದು ಪಾಸ್ತಾ ಇರುತ್ತದೆ. ಆಗ ಕಥೆಯೇ ಬೇರೆ. ನಾನು ಲೌಂಜುಗಳನ್ನು ಎರಡು ಜಾತಿ ಮಾಡಿಕೊಂಡಿದ್ದೇನೆ. ಒಂದು ಟೂತ್‌ಪಿಕ್ ಲೌಂಜ್, ಇನ್ನೊಂದು ಚಮಚದ ಲೌಂಜ್. ಎಲ್ಲವನ್ನೂ ಕಡ್ಡಿ ಚುಚ್ಚಿಯೇ ತಿನ್ನುವಂತಿದ್ದರೆ ಅದು ತಿಂಡಿ. ಚಮಚ ಬೇಕಾಯಿತು ಅಂದರೆ ಊಟಕ್ಕೆ ಹತ್ತಿರ ಬಂದಿರಿ. ಚೆಕ್‌ಇನ್ ಮಾಡುವಾಗ "ಸಂಜೆ ಊಟ ಇರುತ್ತಾ?" ಅಂತ ಕೇಳಬೇಡಿ, ಎಲ್ಲರೂ ಇರುತ್ತೆ ಅಂತಲೇ ಹೇಳುತ್ತಾರೆ. "ಅನ್ನ ಅಥವಾ ರೊಟ್ಟಿ ಇರುತ್ತಾ?" ಅಂತ ಕೇಳಿ. ಉತ್ತರ ಕೊಡುವ ಮುಂಚೆ ಅವರು ಒಂದು ಕ್ಷಣ ಯೋಚಿಸಿದರೆ, ಅದು ಟೂತ್‌ಪಿಕ್ ಲೌಂಜ್.

ಎಷ್ಟು ಹೊತ್ತಿಗೆ ಕೊಡುತ್ತಾರೆ?

ಹೆಚ್ಚಿನ ಕಡೆ ಸಂಜೆ ಆರರ ಆಸುಪಾಸಿಗೆ ಶುರುವಾಗಿ ಎಂಟಕ್ಕೆ ಮುಗಿಯುತ್ತದೆ. ಎರಡೇ ಗಂಟೆ. ಕಷ್ಟ ಇರುವುದು ಇಲ್ಲೇ. ನಾವು ಒಂಬತ್ತಕ್ಕೆ ಊಟ ಮಾಡಿ ಅಭ್ಯಾಸ ಇರುವವರು. ಆರಕ್ಕೆ ನಮಗೆ ಕಾಫಿಯ ಹೊತ್ತು. ಅದೂ ಬೆಂಗಳೂರಿನಲ್ಲಿ ಆರೂವರೆಗೆ ಮೀಟಿಂಗ್ ಮುಗಿಸಿ ಮಾರತ್‌ಹಳ್ಳಿಯಿಂದ ಎಂ.ಜಿ. ರೋಡಿಗೆ ಹೊರಟರೆ ಲೌಂಜ್ ಬಾಗಿಲು ಹಾಕುವ ಹೊತ್ತಿಗೆ ಲಿಫ್ಟಿನಲ್ಲಿರುತ್ತೀರಿ. ಹೊರಗೆ ಕೆಲಸ ಇರುವ ದಿನ ಲೌಂಜನ್ನು ನಂಬಿ ಕೂರಬೇಡಿ.

ನಾನು ಮಾಡುವುದು ಹೀಗೆ. ಆರೂವರೆಗೆ ಒಂದು ಸಣ್ಣ ತಟ್ಟೆ, ಏಳೂ ಮುಕ್ಕಾಲಿಗೆ ಇನ್ನೊಂದು. ನಡುವೆ ಕಿಟಕಿ ಪಕ್ಕ ಕೂತು ಆಫೀಸಿನ ಮೇಲ್ ನೋಡುತ್ತೇನೆ. ಆರಕ್ಕೇ ಎಲ್ಲ ಮುಗಿಸಿದರೆ ರಾತ್ರಿ ಹತ್ತಕ್ಕೆ ಹೊಟ್ಟೆ ಮತ್ತೆ ಕೂಗುತ್ತದೆ.

ಯಾರಿಗೆ ಪ್ರವೇಶ? ನನ್ನ ಕ್ರೆಡಿಟ್ ಕಾರ್ಡಿನಲ್ಲಿ ಲೌಂಜ್ ಆಕ್ಸೆಸ್ ಇದೆ, ಸಾಕಲ್ವಾ?

ಸಾಲದು. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಕಾರ್ಡಿನವರು ಹೇಳುವ ಲೌಂಜ್ ಸಾಮಾನ್ಯವಾಗಿ ವಿಮಾನ ನಿಲ್ದಾಣದ್ದು, ಕೆಂಪೇಗೌಡ ನಿಲ್ದಾಣದ 080 ಲೌಂಜ್‌ನಂಥದ್ದು. ಹೋಟೆಲ್ ಲೌಂಜಿಗೆ ಆ ಕಾರ್ಡ್ ತೋರಿಸಿದರೆ ನಗುಮುಖದಿಂದ ವಾಪಸ್ ಕಳಿಸುತ್ತಾರೆ.

ಹೋಟೆಲ್ ಲೌಂಜಿಗೆ ದಾರಿ ಮುಖ್ಯವಾಗಿ ಎರಡು. ಒಂದು, ಲೌಂಜ್ ಪ್ರವೇಶವೂ ಸೇರಿರುವ ದುಬಾರಿ ರೂಮನ್ನೇ, ಅಂದರೆ ಕ್ಲಬ್ ರೂಮನ್ನೇ ಬುಕ್ ಮಾಡುವುದು. ಇನ್ನೊಂದು, ಆ ಹೋಟೆಲ್ ಗುಂಪಿನ ಮೇಲ್ದರ್ಜೆಯ ಸದಸ್ಯತ್ವ. ಮ್ಯಾರಿಯಟ್‌ನಲ್ಲಿ ವರ್ಷಕ್ಕೆ 50 ರಾತ್ರಿ ಉಳಿದವರಿಗೆ ಸಿಗುವ ಪ್ಲಾಟಿನಂ, ಹಯಾತ್‌ನಲ್ಲಿ 60 ರಾತ್ರಿಯ ಗ್ಲೋಬಲಿಸ್ಟ್, ಹೀಗೆ. ಕಾರ್ಡಿನ ಜೊತೆ ಬರುವ ಸಿಲ್ವರ್, ಗೋಲ್ಡ್ ಸದಸ್ಯತ್ವಕ್ಕೆ ಮ್ಯಾರಿಯಟ್‌ನಲ್ಲಿ ಲೌಂಜ್ ಇಲ್ಲ. ಪ್ಲಾಟಿನಂ ಇದ್ದರೂ ಎಲ್ಲ ಕಡೆ ನಡೆಯುವುದಿಲ್ಲ. ರಿಟ್ಜ್ ಕಾರ್ಲ್‌ಟನ್ ಅದೇ ಗುಂಪಿನದು, ನಮ್ಮ ರೆಸಿಡೆನ್ಸಿ ರೋಡಿನಲ್ಲೂ ಒಂದಿದೆ, ಆದರೆ ಅದರ ಕ್ಲಬ್ ಲೌಂಜ್ ಸದಸ್ಯತ್ವದ ಲೆಕ್ಕದಲ್ಲಿ ಸಿಗುವುದಿಲ್ಲ. ದುಡ್ಡು ಕೊಟ್ಟೇ ಹೋಗಬೇಕು.

ಬೇರೆ ವೆಬ್‌ಸೈಟಿನ ಮೂಲಕ ಬುಕ್ ಮಾಡಿದರೆ ಸದಸ್ಯತ್ವದ ಸವಲತ್ತು ಕೊಡಲೇಬೇಕೆಂದೇನಿಲ್ಲ. ಇದನ್ನು ನಾನು ಕಲಿತದ್ದು ರಾತ್ರಿ ಏಳಕ್ಕೆ, ಲೌಂಜಿನ ಬಾಗಿಲಲ್ಲಿ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಆರುನೂರು ರೂಪಾಯಿ ಉಳಿಸಲು ಹೋಗಿದ್ದೆ.

ಬಿಟ್ಟಿ ತಾನೇ? ಮತ್ಯಾಕೆ ಯೋಚನೆ?

ಸದಸ್ಯತ್ವ ಇದ್ದು ಹೇಗೂ ಅಲ್ಲೇ ಉಳಿಯುತ್ತಿದ್ದರೆ ಬಿಟ್ಟಿ ಅನ್ನಬಹುದು. ಲೌಂಜಿಗೋಸ್ಕರ ದುಬಾರಿ ರೂಮು ಹಿಡಿದರೆ ಬಿಟ್ಟಿಯಲ್ಲ, ಮುಂಗಡ ಕೊಟ್ಟ ಊಟ. ಇದಕ್ಕೆ ತೆರಿಗೆಯ ಲೆಕ್ಕವೂ ಸೇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5 ಜಿಎಸ್‌ಟಿ, ಅದಕ್ಕೆ ಮೀರಿದರೆ ಶೇ 18. ಈಗ ಒಂದು ಲೆಕ್ಕ ಹಾಕೋಣ. ಮಾಮೂಲಿ ರೂಮು 7,000, ಕ್ಲಬ್ ರೂಮು 9,500 ಅಂತಿಟ್ಟುಕೊಳ್ಳಿ. ಮೇಲ್ನೋಟಕ್ಕೆ ವ್ಯತ್ಯಾಸ 2,500. ತೆರಿಗೆ ಸೇರಿಸಿ ನೋಡಿ. ಮೊದಲನೆಯದು 7,350, ಎರಡನೆಯದು 11,210. ನಿಜವಾದ ವ್ಯತ್ಯಾಸ 3,860 ರೂಪಾಯಿ. ಗಡಿ ದಾಟಿದ ಕೂಡಲೇ ಪೂರ್ತಿ ಬಾಡಿಗೆಯ ಮೇಲೆ ತೆರಿಗೆ ಏರುತ್ತದೆ, ಹೆಚ್ಚಿಗೆ ಕೊಟ್ಟ ಭಾಗದ ಮೇಲೆ ಮಾತ್ರವಲ್ಲ.

ಆ 3,860ಕ್ಕೆ ಏನು ಸಿಕ್ಕಿತು ಎನ್ನುವುದು ನೀವು ಇಲ್ಲದಿದ್ದರೆ ಎಲ್ಲಿ ತಿನ್ನುತ್ತಿದ್ದಿರಿ ಎನ್ನುವುದರ ಮೇಲಿದೆ. ಕೆಳಗಿನ ಮಹಡಿಯ ಬಫೆಯಲ್ಲಿ ಇಬ್ಬರು ಕೂರುವವರಾದರೆ, ಒಂದೊಂದು ಗ್ಲಾಸ್ ವೈನ್ ಕುಡಿಯುವವರಾದರೆ, ಲಾಭವೇ. ಆಟೊ ಹತ್ತಿ ದರ್ಶಿನಿಗೆ ಹೋಗಿ ಸೆಟ್ ದೋಸೆ ತಿಂದು ಬರುವವರಾದರೆ ಆ ದುಡ್ಡಲ್ಲಿ ವಾರಗಟ್ಟಲೆ ತಿನ್ನಬಹುದು. ನನ್ನ ಅಮ್ಮ ಎರಡನೇ ಗುಂಪಿಗೆ ಸೇರಿದವಳು. ಅವಳಿಗೆ ಈ ಲೆಕ್ಕ ಹೇಳಿದಾಗ, "ಅಷ್ಟು ದುಡ್ಡು ಕೊಟ್ಟು ಅನ್ನ ಇಲ್ಲದ ಕಡೆ ಯಾಕೆ ಕೂರಿಸ್ತೀಯೋ" ಅಂದಳು.

ಅನ್ನ ಇಲ್ಲದೆ ಊಟ ಹೇಗಾಗುತ್ತದೆ?

ಅಮ್ಮನ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕನ್ನಡದಲ್ಲಿ ತಿಂಡಿ ಬೇರೆ, ಊಟ ಬೇರೆ. "ತಿಂಡಿ ಆಯ್ತಾ" ಅಂತ ಬೆಳಗ್ಗೆ ಕೇಳುತ್ತೇವೆ, "ಊಟ ಆಯ್ತಾ" ಅಂತ ಮಧ್ಯಾಹ್ನ, ರಾತ್ರಿ. ನಾಲ್ಕು ಇಡ್ಲಿ, ಎರಡು ವಡೆ, ಒಂದು ದೋಸೆ ತಿಂದರೂ ಅದು ತಿಂಡಿಯೇ. ಒಂದು ಮುದ್ದೆ, ಒಂದಿಷ್ಟು ಸಾರು, ಮೇಲೆ ಮಜ್ಜಿಗೆ ಸುರಿದುಕೊಂಡು ಎರಡು ತುತ್ತು ಅನ್ನ ತಿಂದರೆ ಊಟ. ಪ್ರಮಾಣದ ಪ್ರಶ್ನೆಯೇ ಅಲ್ಲ. ಅನ್ನ, ಸಾರು, ಮಜ್ಜಿಗೆ ಒಂದಾದ ಮೇಲೊಂದು ಬಂದು ಕೈ ತೊಳೆಯುವ ಘಳಿಗೆ ಇದೆಯಲ್ಲ, ಅದು ಬರಬೇಕು.

ಲೌಂಜ್ ಕೊಡುವುದು ತಿಂಡಿ. ಚೀಸು, ಕಬಾಬು, ಜಾಮೂನು ಎಷ್ಟು ತಿಂದರೂ ನಮ್ಮ ನಾಲಿಗೆ ಇನ್ನೂ ಯಾವುದಕ್ಕೋ ಕಾಯುತ್ತಿರುತ್ತದೆ. ಹಾಗಾಗಿಯೇ ಲೌಂಜಿನಲ್ಲಿ ಹೊಟ್ಟೆ ಬಿರಿಯ ತಿಂದವರು ರೂಮಿಗೆ ಬಂದು "ಇನ್ನು ಊಟಕ್ಕೇನು?" ಅನ್ನುವುದು. ನನ್ನ ಉಪಾಯ ಚಿಕ್ಕದು: ಒಂದು ಬಟ್ಟಲು ಮೊಸರು ಕೇಳಿ. ಅಡುಗೆಮನೆಯಲ್ಲಿ ಮೊಸರು ಇದ್ದೇ ಇರುತ್ತದೆ, ರಾಯಿತಕ್ಕೆ ಬೇಕಲ್ಲ. ಸ್ವಲ್ಪ ಅನ್ನವನ್ನೂ ಕೇಳಿ ನೋಡಿ. ಬೆಂಗಳೂರಿನ ಹೋಟೆಲುಗಳಲ್ಲಿ ಕನ್ನಡದಲ್ಲಿ, ಮೆತ್ತಗೆ, "ಸ್ವಲ್ಪ ಮೊಸರನ್ನ ಮಾಡಿಸಿ ಕೊಡೋಕಾಗುತ್ತಾ" ಅಂದಾಗ ನನಗೆ ಇಲ್ಲ ಅಂದವರು ಕಡಿಮೆ. ಒಮ್ಮೆಯಂತೂ ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿ, ದಾಳಿಂಬೆ ಉದುರಿಸಿ ತಂದುಕೊಟ್ಟರು. ಅವತ್ತು ಪಕ್ಕದ ಟೇಬಲಿನ ಮೂರು ಜನ ಅದನ್ನೇ ತರಿಸಿಕೊಂಡರು.

ಬೆಂಗಳೂರಿಗೆ ಬಂದು ಲೌಂಜಿನಲ್ಲಿ ಕೂತರೆ ಏನು ತಪ್ಪಿಹೋಗುತ್ತದೆ?

ರಾತ್ರಿಯ ಹೊತ್ತು, ನೀವು ಅಂದುಕೊಂಡಷ್ಟು ತಪ್ಪುವುದಿಲ್ಲ. ಈ ಊರಿನ ಹೆಸರುವಾಸಿ ಜಾಗಗಳಲ್ಲಿ ಬಹುಪಾಲು ಬೆಳಗಿನವು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ರಾತ್ರಿ ಎಂಟರ ಹೊತ್ತಿಗೆ ಅದರ ಕಾವಲಿ ತಣ್ಣಗಾಗುತ್ತದೆ, ಶುಕ್ರವಾರ ತೆರೆಯುವುದೇ ಇಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಸಹ ಇಲ್ಲ, ಚಟ್ನಿ ಮಾತ್ರ. ಅದು ರಾತ್ರಿ ಊಟದ ಜಾಗವೇ ಅಲ್ಲ. ಮಲ್ಲೇಶ್ವರದ ವೀಣಾ ಸ್ಟೋರ್ಸಿನ ಮುಂದೆ ಫುಟ್‌ಪಾತಿನಲ್ಲಿ ನಿಂತು ಇಡ್ಲಿ ತಿನ್ನುವ ಸುಖ ಇರುವುದು ಬೆಳಗಿನ ತಂಪಿನಲ್ಲಿ. ಮಿಲಿಟರಿ ಹೋಟೆಲುಗಳ ಜೋರು ಮಧ್ಯಾಹ್ನ. ಬಿರಿಯಾನಿ ತಳ ಕಂಡ ಮೇಲೆ ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ.

ರಾತ್ರಿಗೇ ಅಂತ ಇರುವ ದೊಡ್ಡ ಆಕರ್ಷಣೆ ನನ್ನ ಪ್ರಕಾರ ವಿ.ವಿ. ಪುರಂನ ತಿಂಡಿ ಬೀದಿ, ಸಜ್ಜನರಾವ್ ವೃತ್ತದ ಪಕ್ಕ. ಅದು ಕಣ್ಣು ಬಿಡುವುದೇ ಸಂಜೆ. ಅಕ್ಕಿ ರೊಟ್ಟಿ, ಪಡ್ಡು, ಬಿಸಿ ಹೋಳಿಗೆಗೆ ತುಪ್ಪ, ಬೇಕರಿಯಲ್ಲಿ ಕಾಂಗ್ರೆಸ್ ಕಡಲೆಬೀಜ. ಚಳಿಗಾಲದಲ್ಲಿ ಬಂದರೆ ಅವರೆಕಾಯಿ ಸೊಗಡು ಬೀದಿಯ ತುದಿಗೇ ಬಡಿಯುತ್ತದೆ. ಲೌಂಜಿನ ಪನೀರ್ ಟಿಕ್ಕಾ ತಿಂದು ಇದನ್ನು ಬಿಟ್ಟು ಹೋದವರ ಮೇಲೆ ನನಗೆ ಸಣ್ಣ ಸಿಟ್ಟಿದೆ. ರೆಸಿಡೆನ್ಸಿ ರೋಡಿನ ನಾಗಾರ್ಜುನದಲ್ಲಿ ಎಲೆಯ ಮೇಲೆ ಆಂಧ್ರ ಊಟ, ಸೇಂಟ್ ಮಾರ್ಕ್ಸ್ ರೋಡಿನ ಕೋಶಿಸ್‌ನಲ್ಲಿ ಗಂಟೆಗಟ್ಟಲೆ ಹರಟೆ, ಇವೂ ಸಂಜೆಯ ಜಾಗಗಳೇ. ಲಾಲ್‌ಬಾಗ್ ರೋಡಿನ ಎಂಟಿಆರ್ 1924ರದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಅಲ್ಲೇ. ಸೋಮವಾರ ರಜೆ ಅನ್ನುವುದನ್ನು ಮರೆತು ಹೋಗಿ ಬೀಗ ನೋಡಿ ಬಂದವರು ಬಹಳ ಜನ.

ಎರಡು ರಾತ್ರಿಗೆ ಬಂದವರಿಗೆ ನಾನು ಹೇಳುವುದು: ಒಂದು ಸಂಜೆ ಲೌಂಜ್, ಒಂದು ಸಂಜೆ ತಿಂಡಿ ಬೀದಿ. ಯಾವ ಸಂಜೆ ಯಾವುದು ಎನ್ನುವುದನ್ನು ಮೋಡ ನೋಡಿ ತೀರ್ಮಾನ ಮಾಡಿ. ಮೇ ತಿಂಗಳಲ್ಲಿ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮ್ಮ ಮಳೆ ಸಂಜೆ ಐದೂವರೆಗೆ ಆಫೀಸು ಬಿಡುವವರನ್ನೇ ಕಾದು ಸುರಿಯುತ್ತದೆ.

ನನ್ನ ಹೋಟೆಲ್ ವೈಟ್‌ಫೀಲ್ಡಿನಲ್ಲಿದೆ. ತಿಂಡಿ ಬೀದಿಗೆ ಹೋಗಿ ಬರಬಹುದಾ?

ಕಾರಿನಲ್ಲಿ ಬೇಡ. ಮೆಟ್ರೊದಲ್ಲಿ ಆಗುತ್ತದೆ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಮೂರನೇ ನಿಲ್ದಾಣ ನ್ಯಾಷನಲ್ ಕಾಲೇಜು. ಅಲ್ಲಿಂದ ನಡೆದೇ ಹೋಗಬಹುದು, ಗಾಂಧಿಬಜಾರೂ ಹತ್ತಿರ. ಒಂದು ಕಡೆಗೇ ಒಂದು ಗಂಟೆ ಮೀರುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಹಾಗೆ ನೋಡಿದರೆ ವೈಟ್‌ಫೀಲ್ಡಿನಲ್ಲಿ ಉಳಿದವರಿಗೆ ಲೌಂಜಿನ ಬೆಲೆ ಜಾಸ್ತಿ. ಮಲ್ಲೇಶ್ವರದ ಪಕ್ಕ ಉಳಿದವರಿಗೆ ಕಡಿಮೆ, ಹೊರಗೆ ಕಾಲಿಟ್ಟರೆ ಸಿಟಿಆರ್‌ನ ಬೆಣ್ಣೆ ಮಸಾಲೆ ದೋಸೆ ಕರೆಯುತ್ತದೆ.

ಹಾಗಾದರೆ ಬೆಳಗಿನ ತಿಂಡಿ ಹೊರಗೆ ಅಂತೀರಾ? ಅದೂ ಬಿಟ್ಟಿ ಇರುತ್ತಲ್ಲ?

ಇರಲಿ ಬಿಡಿ. ಆರೂವರೆಗೆ ಎದ್ದು ಒಂದು ಆಟೊ ಹಿಡಿದರೆ ಆ ಹೊತ್ತಲ್ಲಿ ರಸ್ತೆ ಖಾಲಿ. ಇಪ್ಪತ್ತು ನಿಮಿಷದಲ್ಲಿ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಇರುತ್ತೀರಿ. ಸಂಜೆ ಇದೇ ದಾರಿಗೆ ಒಂದೂಕಾಲು ಗಂಟೆ. ಲೌಂಜಿನಲ್ಲಿ ಇಡ್ಲಿ ಇದ್ದರೂ ಬಿಸಿ ಡಬ್ಬಿಯೊಳಗೆ ಕೂತು ಕೂತು ಬೆವರಿರುತ್ತದೆ. ಇಡ್ಲಿಗೆ ಅರ್ಧ ಗಂಟೆ ಅಂದರೆ ಮುದಿ ವಯಸ್ಸು. ದೋಸೆಯ ವಿಷಯವಂತೂ ಮಾತೇ ಆಡಬೇಡಿ.

ಕಾಫಿ ಇನ್ನೊಂದು ಕಾರಣ. ಲೌಂಜಿನ ಯಂತ್ರದಲ್ಲಿ ಒಂಬತ್ತು ಗುಂಡಿ ಇರುತ್ತವೆ, ಒಂದರಲ್ಲೂ ಫಿಲ್ಟರ್ ಕಾಫಿ ಬರುವುದಿಲ್ಲ. ಕೇಳಿದರೆ ತರಿಸಿಕೊಡುವವರು ಇದ್ದಾರೆ, ಕೇಳಿ ನೋಡಿ.

ಸಸ್ಯಾಹಾರಿಗಳಿಗೆ ಹೇಗೆ?

ಬೆಂಗಳೂರಿನಲ್ಲಿ ತೊಂದರೆಯಿಲ್ಲ. ತಟ್ಟೆಗಳ ಮುಂದೆ ಚೀಟಿ ಇರುತ್ತದೆ. ಚೀಟಿಗಿಂತ ಚಿಮುಟದ ಮೇಲೆ ಕಣ್ಣಿಡಿ. ಚಿಕನ್ ಎತ್ತಿದ ಚಿಮುಟವನ್ನೇ ಯಾರಾದರೂ ಪನೀರಿಗೆ ಹಾಕಿರುತ್ತಾರೆ. ನಿಮಗೆ ಅದು ಮುಖ್ಯವಾದರೆ ಒಳಗಿನಿಂದ ಬೇರೆ ತಟ್ಟೆ ತರಿಸಿಕೊಳ್ಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಏಕಾದಶಿಯವರು ಬೆಳಗ್ಗೆಯೇ ಹೇಳಿಟ್ಟರೆ ಏನಾದರೂ ಮಾಡಿಕೊಡುತ್ತಾರೆ, ಏಳಕ್ಕೆ ಹೋಗಿ ಹೇಳಿದರೆ ಹಣ್ಣೇ ಗತಿ. ಮೊಟ್ಟೆ ತಿನ್ನದವರು ಪೇಸ್ಟ್ರಿ ಮುಟ್ಟುವ ಮುಂಚೆ ಕೇಳಿ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಲೌಂಜ್ ಊಟ ಸಾಕಾ?

ಇದರಲ್ಲಿ ಸ್ವಲ್ಪ ಹುಷಾರಾಗಿರಿ. ತಿನ್ನುವುದಕ್ಕಿಂತ ಹೊತ್ತಿನದು ದೊಡ್ಡ ಸಮಸ್ಯೆ. ದಿನಾ ಒಂಬತ್ತಕ್ಕೆ ಊಟ, ಅದಕ್ಕೆ ಹೊಂದಿಕೊಂಡು ಮಾತ್ರೆ ಅಥವಾ ಇನ್ಸುಲಿನ್ ಇರುವವರು ಏಕಾಏಕಿ ಆರೂವರೆಗೆ ನಾಲ್ಕು ಕಬಾಬ್ ತಿಂದು ಮಲಗಿದರೆ ರಾತ್ರಿ ಸಕ್ಕರೆ ಇಳಿಯುವ ಅಪಾಯವಿದೆ. ಊಟದ ಹೊತ್ತು ಬದಲಾದರೆ ಮಾತ್ರೆ ಹೇಗೆ ಅಂತ ಹೊರಡುವ ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ನನ್ನ ಅಪ್ಪನ ಜೊತೆ ಹೋದಾಗ ಲೌಂಜನ್ನು ಸಂಜೆಯ ತಿಂಡಿ ಅಂತಲೇ ಲೆಕ್ಕ ಹಿಡಿದು, ಒಂಬತ್ತಕ್ಕೆ ಎರಡು ಚಪಾತಿ, ಪಲ್ಯ ಬೇರೆ ತರಿಸುತ್ತಿದ್ದೆ. ಉಪ್ಪಿನ ಮೇಲೂ ಗಮನ ಇರಲಿ. ಚೀಸು, ಉಪ್ಪು ಹಾಕಿದ ಗೋಡಂಬಿ, ಕರಿದದ್ದು, ಎಲ್ಲದರಲ್ಲೂ ಅದೇ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಕೆಲವು ಕಡೆ ಮದ್ಯ ಕೊಡುವ ಆ ಎರಡು ಗಂಟೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಮೊದಲೇ ಕೇಳಿ. ಸದಸ್ಯತ್ವದ ಮೇಲೆ ಹೋಗುವಾಗ ಜೊತೆಗೆ ಒಬ್ಬರಿಗಷ್ಟೇ ಅವಕಾಶ ಇರುವುದೂ ಉಂಟು. ನಾಲ್ಕು ಜನರ ಸಂಸಾರಕ್ಕೆ ಲೌಂಜ್ ಊಟ ಅಷ್ಟಾಗಿ ಹೊಂದುವುದಿಲ್ಲ. ಮಕ್ಕಳಿಗೆ ಅದು ಗ್ರಂಥಾಲಯದಂಥ ಜಾಗ, ಜೋರಾಗಿ ಮಾತಾಡುವಂತಿಲ್ಲ.

ಕುಡಿಯುವವರಿಗೆ ಲಾಭ ಜಾಸ್ತಿ ಅಂತಾರೆ, ಹೌದಾ?

ಹೌದು, ಹೋಟೆಲ್ ಬಾರಿನ ಬಿಲ್ ನೋಡಿದವರಿಗೆ ಅದು ಗೊತ್ತಿರುತ್ತದೆ. ಕುಡಿಯದವರು ತಮ್ಮ ಪಾಲನ್ನೂ ಸೇರಿಸಿ ದುಡ್ಡು ಕೊಟ್ಟಿರುತ್ತಾರೆ ಅನ್ನುವುದು ಅದರ ಇನ್ನೊಂದು ಮುಖ. ಅಕ್ಟೋಬರ್ 2ರಂದು, ಮತದಾನ ಮುಗಿಯುವ ಮುಂಚಿನ 48 ಗಂಟೆ, ಹೀಗೆ ಮದ್ಯ ನಿಷೇಧದ ದಿನಗಳಲ್ಲಿ ಲೌಂಜಿನಲ್ಲೂ ಸಿಗುವುದಿಲ್ಲ. ಅಂಥ ದಿನ ಕ್ಲಬ್ ರೂಮಿಗೆ ಜಾಸ್ತಿ ಕೊಡುವ ಮುಂಚೆ ಕ್ಯಾಲೆಂಡರ್ ನೋಡಿ.

ತಟ್ಟೆ ತುಂಬ ಹಾಕಿಕೊಂಡರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ?

ತಟ್ಟೆಯೇ ಸಣ್ಣದು, ಅದು ಅವರ ಸೂಚನೆ. ಎರಡನೇ ಸಲ, ಮೂರನೇ ಸಲ ಎದ್ದು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗೋಪುರ ಕಟ್ಟಿಕೊಂಡು ಬಂದು ಅರ್ಧ ಬಿಡುವುದು ಮಾತ್ರ ಎಲ್ಲಿದ್ದರೂ ಚೆನ್ನಾಗಿರುವುದಿಲ್ಲ. ಟಿಶ್ಯೂನಲ್ಲಿ ಸುತ್ತಿ ರೂಮಿಗೆ ಒಯ್ಯುವುದು ಬೇಡ. ಒಂದು ಬಾಳೆಹಣ್ಣು ಕೈಯಲ್ಲಿ ಹಿಡಿದು ಹೊರಟರೆ ಯಾರೂ ಅಡ್ಡ ಹಾಕಲಾರರು. ಹವಾಯಿ ಚಪ್ಪಲಿ, ರೂಮಿನ ಬಿಳಿ ಸ್ಲಿಪ್ಪರ್ ಹಾಕಿಕೊಂಡು ಹೋಗಬೇಡಿ. ಪಂಚೆಯುಟ್ಟು ಹೋಗಿದ್ದೇನೆ, ರಾಜಮರ್ಯಾದೆ ಸಿಕ್ಕಿತು.

ಬಫೆಯಲ್ಲಿ ಹೊತ್ತು ಇಟ್ಟ ಆಹಾರ ಕೆಟ್ಟಿರುವುದಿಲ್ಲವಾ?

ಸಾಮಾನ್ಯ ನಿಯಮ ಇಷ್ಟು: ಬಿಸಿಯಾದದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ. ನಡುವಿನ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಮುಚ್ಚಳ ತೆಗೆದಾಗ ಹಬೆ ಬರದಿದ್ದರೆ ಆ ಚಿಕನ್ ಬಿಟ್ಟುಬಿಡಿ. ಮಯೊನೀಸ್ ಸಲಾಡ್ ಕೆಳಗೆ ಐಸ್ ಇಲ್ಲದಿದ್ದರೆ ಅದನ್ನೂ. ಹೊಸ ತಟ್ಟೆ ಯಾವಾಗ ಬರುತ್ತದೆ ಅಂತ ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಲೌಂಜ್ ಮುಚ್ಚಿದೆ ಅಂದುಬಿಟ್ಟರೆ?

ನನಗೆ ಆಗಿದೆ. ಕ್ಲಬ್ ರೂಮಿಗೆ ದುಡ್ಡು ಕೊಟ್ಟು ಹೋದರೆ, ರಿಪೇರಿ ನಡೆಯುತ್ತಿದೆ, ಬದಲಿಗೆ ಕೆಳಗಿನ ಬಾರಿನ ಮೂಲೆಯಲ್ಲಿ ವ್ಯವಸ್ಥೆ ಮಾಡಿದ್ದೇವೆ ಅಂದರು. ವ್ಯವಸ್ಥೆ ಅಂದರೆ ಕಡಲೆಬೀಜದ ಬಟ್ಟಲು ಮತ್ತು ತಣ್ಣಗಿನ ಸಮೋಸಾ. ಮ್ಯಾನೇಜರನ್ನು ಕರೆದು ಸಮಾಧಾನವಾಗಿ ಮಾತಾಡಿದ ಮೇಲೆ ರೆಸ್ಟೋರೆಂಟಿನಲ್ಲಿ ಊಟ ಕೊಟ್ಟರು. ನಿಮ್ಮ ಬುಕಿಂಗ್ ವಿವರದಲ್ಲಿ ಲೌಂಜ್ ಸೇರಿದೆ ಅಂತ ಇದ್ದರೆ ಅದನ್ನು ತೋರಿಸಿ. ಕೂಗಾಡಿದರೆ ಸಮೋಸಾ ಇನ್ನೂ ತಣ್ಣಗಾಗುತ್ತದೆ, ಅಷ್ಟೇ.

ವಿದೇಶಕ್ಕೆ ಹೋದಾಗಲೂ ಇದೇ ಲೆಕ್ಕವಾ?

ಅಲ್ಲಿ ಲೆಕ್ಕ ತಲೆಕೆಳಗು. ಸಸ್ಯಾಹಾರಿಗೆ ಟೋಕಿಯೊದಲ್ಲಿ ಲೌಂಜ್ ಎಂದರೆ ತವರುಮನೆ. ಅಲ್ಲಿ ತರಕಾರಿ ಸೂಪು, ನೂಡಲ್ಸ್ ಅಂದರೂ ಒಣಮೀನಿನ ಚೂರಿನಿಂದ ತೆಗೆದ ದಾಶಿ ಎಂಬ ಸಾರು ಸಾಮಾನ್ಯವಾಗಿ ಅದರ ತಳದಲ್ಲಿರುತ್ತದೆ. ಬ್ಯಾಂಕಾಕಿನಲ್ಲಿ ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಅಂಥ ಕಡೆ ಚೀಟಿ ಅಂಟಿಸಿದ, ಕೇಳಿದರೆ ಉತ್ತರ ಹೇಳುವ ಜನ ಇರುವ ಕೋಣೆ ದೊಡ್ಡ ನೆಮ್ಮದಿ. ಮಾಂಸಾಹಾರಿಗಳಿಗೆ ಅದೇ ಊರುಗಳಲ್ಲಿ ಲೌಂಜಿನಲ್ಲಿ ಕೂರುವುದು ಪಾಪ. ಸಿಂಗಪುರದ ಹಾಕರ್ ಸೆಂಟರುಗಳ, ಅಂದರೆ ಸಾಲು ಸಾಲು ತಿಂಡಿ ಅಂಗಡಿಗಳಿರುವ ಜಾಗಗಳ, ಸಂಸ್ಕೃತಿ 2020ರಲ್ಲಿ ಯುನೆಸ್ಕೊ ಪಟ್ಟಿಗೇ ಸೇರಿತು, ಊಟಕ್ಕೆ ದುಡ್ಡೂ ಹೆಚ್ಚಲ್ಲ. ಸಸ್ಯಾಹಾರಿಗಳಿಗೆ ಅಲ್ಲಿ ಸೆರಂಗೂನ್ ರೋಡಿನ ಕೋಮಲ ವಿಲಾಸ್ ಇದೆ, 1947ರಿಂದ. ಮದ್ಯ ಮಾತ್ರ ಅಲ್ಲಿ ದುಬಾರಿ, ಅದಕ್ಕೆ ಲೌಂಜೇ ಸರಿ.

ಕಂಪನಿ ದಿನಭತ್ಯೆ ಕೊಡುತ್ತದೆ. ಲೌಂಜಿನಲ್ಲಿ ತಿಂದು ಅದನ್ನು ಉಳಿಸಬಹುದಾ?

ನಿಮ್ಮ ಕಂಪನಿಯ ನಿಯಮ ಓದಿ. ಬಿಲ್ಲಿನ ಪ್ರಕಾರ ಕೊಡುವವರಾದರೆ ಉಳಿಸಲು ಏನೂ ಇಲ್ಲ, ಹೊರಗೆ ಹೋಗಿ ಚೆನ್ನಾಗಿ ತಿನ್ನಿ. ಇಷ್ಟು ಅಂತ ನಿಗದಿಯಾಗಿ ಕೊಡುವವರಾದರೆ ಉಳಿಯುತ್ತದೆ. ಆದರೆ ರೂಮಿನ ಬಾಡಿಗೆಯಲ್ಲೇ ಊಟ ಸೇರಿದ್ದರೆ ಭತ್ಯೆ ಕಡಿತ ಮಾಡುವ ಕಂಪನಿಗಳೂ ಇವೆ. ನನ್ನ ಸಹೋದ್ಯೋಗಿಯೊಬ್ಬ ಮೂರು ವಾರ ಬರೀ ಲೌಂಜಿನಲ್ಲೇ ತಿಂದು ಉಳಿಸಿದ ದುಡ್ಡಲ್ಲಿ ಫೋನ್ ತಗೊಂಡ. ವಾಪಸ್ ಬಂದ ದಿನ ವಿಮಾನ ನಿಲ್ದಾಣದಿಂದ ಸೀದಾ ಹೋಗಿದ್ದು ಮುದ್ದೆ ಊಟಕ್ಕೆ.

ರಾತ್ರಿ ಹತ್ತೂವರೆಗೆ ಮತ್ತೆ ಹಸಿವಾದರೆ?

ಬೆಂಗಳೂರಿನಲ್ಲಿ ಫೋನ್ ಇದ್ದರೆ ಮೊಸರನ್ನ ಹೋಟೆಲ್ ಬಾಗಿಲಿಗೇ ಬರುತ್ತದೆ. ಕೆಲವು ಹೋಟೆಲುಗಳು ಡೆಲಿವರಿಯವರನ್ನು ಮೇಲೆ ಬಿಡುವುದಿಲ್ಲ, ನೀವೇ ಗೇಟಿಗೆ ಇಳಿದು ತರಬೇಕು. ಬೇರೆ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಒಂದು ಚಿಕ್ಕ ಡಬ್ಬಿ ಚಟ್ನಿಪುಡಿ, ಒಂದಿಷ್ಟು ಹುರಿದ ಅವಲಕ್ಕಿ ಇದ್ದೇ ಇರುತ್ತದೆ. ಲೌಂಜಿನಿಂದ ರೂಮಿಗೆ ಬರುವಾಗ ಒಂದು ಲೋಟ ಬಿಸಿ ಹಾಲು ಕೇಳಿ ತಂದುಕೊಳ್ಳಿ, ಕೊಡುತ್ತಾರೆ. ರೂಮಿನ ಕೆಟಲ್‌ನಲ್ಲಿ ಮಾತ್ರ ಹಾಲು ಕಾಯಿಸಬೇಡಿ. ತಳ ಹಿಡಿಯುತ್ತದೆ, ಮರುದಿನ ಬೆಳಗ್ಗೆ ಟೀ ಸೀದ ವಾಸನೆ ಬರುತ್ತದೆ.